ಬಸ್ ಫ್ರೀ ಇದ್ದರೂ ಬ್ಯಾಟ್ರಿ ಗಾಡಿ ತಗೊಳ್ಳೋದು ದಡ್ಡತನಾನಾ? (ಬೆಂಗಳೂರಲ್ಲಿ ಉಳ್ಳಾಲದಿಂದ ಪೀಣ್ಯಕ್ಕೆ, ದಿನಾ)

ಹೊಲಿಗೆಯಕ್ಕ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಬೈಬೇಡಿ.

ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಗಾರ್ಮೆಂಟ್ಸ್‌ನಲ್ಲಿದ್ದೇನೆ. ಮನೆ ಉಳ್ಳಾಲ ಉಪನಗರದ ಹತ್ತಿರ. ಒಂದು ಕಡೆಗೆ ಹತ್ತಿರ ಹತ್ತಿರ 12 ಕಿ.ಮೀ. 9 ಗಂಟೆಗೆ ಪಂಚ್. 9:10ಕ್ಕೆ ಗೇಟ್ ಹಾಕುತ್ತಾರೆ. ಆಮೇಲೆ ಹೋದರೆ ಅರ್ಧ ದಿನ ಕಟ್. ಅದಕ್ಕೆ 7:15ಕ್ಕೇ ಮನೆ ಬಿಡುತ್ತೇನೆ. ಒಂದು ಬಸ್ಸಲ್ಲಿ ರಿಂಗ್ ರೋಡ್, ಇನ್ನೊಂದರಲ್ಲಿ ಗೊರಗುಂಟೆಪಾಳ್ಯ, ಅಲ್ಲಿಂದ ಒಳಗೆ ಶೇರ್ ಆಟೋ. ಸಂಜೆ 5:45ಕ್ಕೆ ಬಿಟ್ಟರೆ ಮನೆ ಮುಟ್ಟುವಾಗ ಮುಕ್ಕಾಲು ಎಂಟು. ಮಗಳು ಹೋಮ್‌ವರ್ಕ್ ಪುಸ್ತಕದ ಮೇಲೇ ನಿದ್ದೆ ಹೋಗಿರುತ್ತಾಳೆ.

ಲೈನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಬ್ಯಾಟ್ರಿ ಗಾಡಿ ತಗೊಂಡಿದ್ದಾಳೆ. ಅವಳನ್ನು ನೋಡಿ ನನಗೂ ಆಸೆ. ನಮ್ಮೆಜಮಾನ್ರು "ಫ್ರೀ ಬಸ್ಸು ಬಿಟ್ಟು ಸಾಲ ಮಾಡಿ ಗಾಡಿ ತಗೊಳ್ಳೋದು ಯಾವ ಬುದ್ಧಿವಂತಿಕೆ" ಅಂತಾರೆ. ಕೈಗೆ ಬರುವ ಸಂಬಳ 13 ಸಾವಿರ. ಲೈಸೆನ್ಸ್ ಇಲ್ಲ. ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಗಾಡಿ ಕೆಳಗೆ ನಿಲ್ಲಿಸಬೇಕು, ಅಲ್ಲಿ ಪ್ಲಗ್ ಇಲ್ಲ.

ಓಡಿಸುತ್ತಿರುವವರು ಹೇಳಿ, ಇದು ನನ್ನಂಥವರಿಗೆ ಆಗುವ ಮಾತಾ?

ಬಸ್ಸೇ ಬಾಸು

ಆಗುವ ಮಾತಲ್ಲ. ನಿಮ್ಮ ಯಜಮಾನರು ಹೇಳಿದ್ದೇ ಸರಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೇ ಇಲ್ಲ. ಸೊನ್ನೆ ರೂಪಾಯಿಗಿಂತ ಅಗ್ಗದ ಗಾಡಿ ಯಾವ ಕಂಪನಿಯೂ ಮಾಡುವುದಿಲ್ಲ.

ರಾತ್ರಿಪಾಳಿ

@ಬಸ್ಸೇ ಬಾಸು ಗುರು, ಅವರು ಕೇಳಿದ್ದು ದುಡ್ಡಲ್ಲ, ಟೈಮು. ಹೋಗಿಬರೋಕೆ ದಿನಕ್ಕೆ ಮೂರೂವರೆ ಗಂಟೆಗೂ ಜಾಸ್ತಿ ಹೋಗ್ತಿದೆ ಅಲ್ವಾ?

ಲೆಕ್ಕದ ಮೇಷ್ಟ್ರು

ದುಡ್ಡಿನದೂ ಕೇಳೋಣ. ಅಕ್ಕ, ಎರಡು ಪ್ರಶ್ನೆ. ಶೇರ್ ಆಟೋಗೆ ಎಷ್ಟು ಕೊಡುತ್ತೀರಿ? ಹೋದ ತಿಂಗಳು ಎಷ್ಟು ಸಲ ಅರ್ಧ ದಿನ ಕಟ್ ಆಯಿತು?

ಹೊಲಿಗೆಯಕ್ಕ

ಆಟೋಗೆ 20 ರೂಪಾಯಿ ಮೇಷ್ಟ್ರೇ. ಹೋಗೋಕೆ 20, ಬರೋಕೆ 20. ಕಟ್ ಆಗಿದ್ದು ಮೂರು ಸಲ. ಒಂದು ಸಲ ಮಳೆ. ಎರಡು ಸಲ ಸುಮನಹಳ್ಳಿ ಬ್ರಿಡ್ಜ್ ಮೇಲೆ ಬಸ್ ನಿಂತುಬಿಟ್ಟಿತು.

ಲೆಕ್ಕದ ಮೇಷ್ಟ್ರು

ಸರಿ, ಈಗ ನಿಮ್ಮ "ಫ್ರೀ ಬಸ್" ಲೆಕ್ಕ ನೋಡಿ.

ಆಟೋ ದಿನಕ್ಕೆ 40, ತಿಂಗಳಿಗೆ 26 ದಿನ ಅಂದರೆ 1,040 ರೂ. ಅರ್ಧ ದಿನದ ಸಂಬಳ 250 ರೂ., ಮೂರು ಸಲಕ್ಕೆ 750. ಒಟ್ಟು 1,790. ಇದು ನಿಮ್ಮ ಸಂಬಳದಲ್ಲಿ ಸುಮಾರು ಏಳನೇ ಒಂದು ಪಾಲು. ಬಸ್ ಫ್ರೀ, ದಾರಿ ಫ್ರೀ ಅಲ್ಲ.

ಗಾಡಿ ಲೆಕ್ಕ. ದಿನಕ್ಕೆ 24 ಕಿ.ಮೀ., ತಿಂಗಳಿಗೆ 624. ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕೊಟ್ಟರೆ 14 ಲೀಟರ್, 103 ರೂ. ದರದಲ್ಲಿ 1,430 ರೂ. ಮುಟ್ಟುತ್ತೆ. ಬ್ಯಾಟರಿ ಗಾಡಿ ಗೋಡೆಯ ಪ್ಲಗ್‌ನಿಂದ 100 ಕಿ.ಮೀ.ಗೆ 3ರಿಂದ 3.5 ಯೂನಿಟ್ ಎಳೆಯುತ್ತದೆ. ತಿಂಗಳಿಗೆ 21 ಯೂನಿಟ್ ಅಂದುಕೊಳ್ಳಿ. ಯೂನಿಟ್ಟಿಗೆ 5.80ರಂತೆ 122 ರೂ.

ಆದರೆ ಖುಷಿಪಡಬೇಡಿ. ನಿಜವಾದ ಖರ್ಚು ಕಂತು. 75 ಸಾವಿರ ಸಾಲ, ಮೂರು ವರ್ಷ, 20 ಪರ್ಸೆಂಟ್ ಬಡ್ಡಿ ಆದರೆ ತಿಂಗಳಿಗೆ 2,790ರ ಹತ್ತಿರ. ಬಡ್ಡಿಯೇ 25 ಸಾವಿರ ಕಟ್ಟಿರುತ್ತೀರಿ. ಅದೇ 12 ಪರ್ಸೆಂಟಿಗೆ ಸಿಕ್ಕರೆ 2,490. ಶೋರೂಮಿನಲ್ಲಿ ಸ್ಕೂಟರ್ ರೇಟು ಕೇಳುವ ಮೊದಲು ಬಡ್ಡಿ ರೇಟು ಕೇಳಿ.

ಕಾಫಿಪುಡಿ

ಮೇಷ್ಟ್ರು ಬಂದರೆ ಥ್ರೆಡ್‌ಗೆ ಒಂದು ಗಾಂಭೀರ್ಯ ಬರುತ್ತೆ 😄

ಬಸ್ಸೇ ಬಾಸು

ಮೇಷ್ಟ್ರೇ, ಸರ್ವಿಸ್, ಇನ್ಶೂರೆನ್ಸ್, ಟೈರು, ಹೆಲ್ಮೆಟ್ಟು? ಅದೆಲ್ಲ ದೇವರು ಕೊಡ್ತಾನಾ? ಐದಾರು ವರ್ಷಕ್ಕೆ ಬ್ಯಾಟರಿ ಮಲಗಿದರೆ?

ಲೆಕ್ಕದ ಮೇಷ್ಟ್ರು

ಒಪ್ಪಿದೆ. ತಿಂಗಳಿಗೆ 400 ಸೇರಿಸಿ. ಆದರೂ ಅವರು ಪ್ರತಿದಿನ ಎರಡು ಗಂಟೆ ಉಳಿಸುತ್ತಾರೆ. ಅದಕ್ಕೆ ನೀವು ಎಷ್ಟು ಹಾಕುತ್ತೀರಿ, ಹೇಳಿ.

ಪರ್ಪಲ್ ಲೈನ್

ಇಷ್ಟೆಲ್ಲಾ ಯಾಕೆ? ಉಳ್ಳಾಲದಿಂದ ಜ್ಞಾನಭಾರತಿ ಸ್ಟೇಷನ್ ಹತ್ತಿರ. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಿಸಿ, ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದರೆ ಆಯಿತು.

ರಾತ್ರಿಪಾಳಿ

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಉತ್ತರಕ್ಕೆ ಹೋಗಬೇಕಾದವರನ್ನು ಪೂರ್ವಕ್ಕೆ ಕಳಿಸಿ ಮತ್ತೆ ಪಶ್ಚಿಮಕ್ಕೆ ತರುತ್ತೀರಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಮೆಟ್ರೋ ಟಿಕೆಟ್ 90 ರೂ.ವರೆಗೂ ಹೋಗುತ್ತೆ. 13 ಸಾವಿರ ಸಂಬಳಕ್ಕೆ ಅದು ಆಗುತ್ತಾ?

ಪರ್ಪಲ್ ಲೈನ್

ಐಡಿಯಾ ಕೊಟ್ಟೆ ಅಷ್ಟೇ. ಸಿಟ್ಟಾಗಬೇಡಿ.

ರಾಯಚೂರು ರೈಡರ್

ಅಕ್ಕಾ, ನಾನು ಡೆಲಿವರಿ ಮಾಡ್ತೀನಿ. ಊರಿಂದ ಬಂದಾಗ ಕೈಯಲ್ಲಿ ಲೈಸೆನ್ಸೂ ಇರಲಿಲ್ಲ, ಗಾಡಿಗೆ ದುಡ್ಡೂ ಇರಲಿಲ್ಲ. ಬಾಡಿಗೆಗೆ ಸಿಗುವ, ಲೈಸೆನ್ಸ್ ಬೇಡದ ಸ್ಲೋ ಬ್ಯಾಟರಿ ಗಾಡಿ ತಗೊಂಡೆ. ವಾರದ ಲೆಕ್ಕದಲ್ಲಿ ಬಾಡಿಗೆ. ಚಾರ್ಜ್ ಮಾಡೋ ರಗಳೆಯೇ ಇಲ್ಲ. ಬ್ಯಾಟರಿ ಖಾಲಿ ಆದರೆ ಬ್ಯಾಟರಿ ಬದಲಿಸೋ ಪೆಟ್ಟಿಗೆ ಹತ್ತಿರ ಹೋಗಿ ಹಳೇದು ಒಳಗಿಟ್ಟು ಚಾರ್ಜ್ ಆದದ್ದು ಎಳೆದುಕೊಂಡರೆ ಮುಗೀತು. ಟೀ ಕುಡಿಯುವಷ್ಟು ಹೊತ್ತೂ ಆಗಲ್ಲ. ಆ ಗಾಡಿ ಇರದಿದ್ದರೆ ನಾನು ಇವತ್ತಿಗೂ ಊರಲ್ಲಿ ಭತ್ತದ ಮೂಟೆ ಹೊರ್ತಿದ್ದೆ.

ಆದರೆ ನಿಮ್ಮ ರೂಟಿಗೆ ಅದು ಬೇಡ. ನಾನು ಕೋರಮಂಗಲದ ಒಳಗಡೆ ಮೂರು ನಾಲ್ಕು ಕಿ.ಮೀ. ಸುತ್ತಾಡ್ತೀನಿ. ರಿಂಗ್ ರೋಡಲ್ಲಿ 25ರ ಸ್ಪೀಡಲ್ಲಿ ಹೋದರೆ ಹಿಂದಿನಿಂದ ಲಾರಿಯವನು ಹಾರನ್ ಹೊಡೆದೇ ಕೊಲ್ತಾನೆ.

ಇನ್ನೊಂದು ಮಾತು. ಬಾಡಿಗೆ ಗಾಡಿ ವಾಪಸ್ ಕೊಡುವಾಗ ಅಡ್ವಾನ್ಸಲ್ಲಿ ಮುರ್ಕೊಳ್ತಾರೆ. ಮೊದಲ ದಿನವೇ ಗಾಡಿಯ ನಾಲ್ಕೂ ಕಡೆ ಫೋಟೋ ತೆಗೆದಿಡಿ. ನಾನು ತೆಗೆದಿರಲಿಲ್ಲ. ಹಳೇ ಗೀರಿಗೂ ನಾನೇ ದುಡ್ಡು ಕೊಟ್ಟೆ.

ಗ್ರೀಸ್ ಕೈ

ನಾನು ಗ್ಯಾರೇಜ್ ನಡೆಸುವವನು. ಈ "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ" ಗಾಡಿಗಳ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ಅಕ್ಕನಂಥವರಿಗೇ ಇವನ್ನು ಮೊದಲು ತೋರಿಸೋದು.

ಕಾನೂನು ಇಷ್ಟೇ. ಮೋಟಾರಿನ ಪವರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರಲ್ಲ. ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ. ಮಾಡೆಲ್ಲಿಗೆ ಸರ್ಟಿಫಿಕೇಟ್ ಇರಬೇಕು, ಅಷ್ಟೇ. ಮನೆಯಿಂದ ಸಂತೆಗೆ, ಮಗುನ ಸ್ಕೂಲಿಗೆ ಬಿಡೋಕೆ ಚೆನ್ನಾಗಿದೆ.

ಮೋಸ ಎಲ್ಲಿ ಅಂದರೆ, ಕೆಲವರು ಒಂದು ವೈರ್ ಕಿತ್ತು "ನೋಡಿ ಮೇಡಂ, ಈಗ 45 ಓಡುತ್ತೆ" ಅಂತಾರೆ. 45 ಓಡಿದ ತಕ್ಷಣ ಅದು ಮೋಟಾರು ವಾಹನ. ಆದರೆ ಅದಕ್ಕೆ ನಂಬರೂ ಇಲ್ಲ, ಇನ್ಶೂರೆನ್ಸೂ ಇಲ್ಲ. ಯಾರಿಗಾದರೂ ಗುದ್ದಿದರೆ ಮನೆ ಮಾರಬೇಕು. ಬ್ರೇಕು, ಫ್ರೇಮು ಎಲ್ಲಾ 25ರ ಸ್ಪೀಡಿಗೆ ಮಾಡಿದ್ದು ಅನ್ನೋದೂ ನೆನಪಿರಲಿ.

ಎರಡನೇದು, ಅಗ್ಗದ್ದರಲ್ಲಿ ಇನ್ನೂ ಲೆಡ್ ಆಸಿಡ್ ಬ್ಯಾಟರಿ ಬರ್ತಾ ಇದೆ. ಮನೆ ಯುಪಿಎಸ್‌ನಲ್ಲಿ ಇರೋದೇ ಆ ಜಾತಿ. ಭಾರ ಜಾಸ್ತಿ, ಆಯಸ್ಸು ಕಮ್ಮಿ. ನನ್ನ ಹತ್ತಿರ ಒಬ್ಬ ಹೂವಿನ ವ್ಯಾಪಾರಿ ತಂದಿದ್ದ. ಹದಿನಾಲ್ಕು ತಿಂಗಳಿಗೆ 60 ಕಿ.ಮೀ. ಹೋಗ್ತಿದ್ದದ್ದು 18ಕ್ಕೆ ಬಂದಿತ್ತು. ಮಾರ್ಕೆಟ್‌ನಿಂದ ಮನೆಗೆ ತಳ್ಳಿಕೊಂಡು ಬಂದಿದ್ದ ಪಾಪ, ಮೇಲೆ ಸೇವಂತಿಗೆ ಮೂಟೆ.

ಅಕ್ಕ, ನಿಮಗೆ 24 ಕಿ.ಮೀ. ರಿಂಗ್ ರೋಡು. ನಂಬರ್ ಪ್ಲೇಟ್ ಇರೋ ಗಾಡಿನೇ ತಗೊಳ್ಳಿ. ಲೈಸೆನ್ಸ್ ಮಾಡಿಸಿ. ಗೇರಿಲ್ಲದ ಗಾಡಿ ಲೈಸೆನ್ಸ್ ಸಾಕು. ಎಲ್ಎಲ್ಆರ್ (ಕಲಿಯೋವಾಗಿನ ಲೈಸೆನ್ಸ್) ಸಿಕ್ಕಿ 30 ದಿನ ಆದಮೇಲೆ ಟೆಸ್ಟಿಗೆ ಹೋಗಬಹುದು.

ಚಿಕ್ಕಬಳ್ಳಾಪುರ ದ್ರಾಕ್ಷಿ

"ಮೇಲೆ ಸೇವಂತಿಗೆ ಮೂಟೆ." ಕಣ್ಮುಂದೆ ಬಂತು 😟

ಕಟ್ಟಡದ ಯಜಮಾನ

ಒಂದು ಕಹಿ ಮಾತು ಹೇಳುತ್ತೇನೆ. ನಾನು ಮನೆ ಬಾಡಿಗೆಗೆ ಕೊಟ್ಟವನು, ಆರು ಮನೆ ಇವೆ. ನನ್ನ ಬಿಲ್ಡಿಂಗಿನಲ್ಲಿ ಚಾರ್ಜಿಂಗ್‌ಗೆ ಬಿಡಲ್ಲ. 2022ರಲ್ಲಿ ದೇಶದ ತುಂಬಾ ಗಾಡಿಗಳು ಧಗಧಗ ಉರಿದದ್ದನ್ನು ಎಲ್ಲರೂ ನೋಡಿದ್ದೀರಿ. ರಾತ್ರಿ ಮೆಟ್ಟಿಲ ಬುಡದಲ್ಲಿ ಹತ್ತಿಕೊಂಡರೆ ಮೇಲಿನವರು ಇಳಿಯೋಕೆ ದಾರಿಯೇ ಇರಲ್ಲ. ಆಮೇಲೆ ಎಲ್ಲರೂ ಓನರ್ ಕೊರಳಪಟ್ಟಿ ಹಿಡಿಯುತ್ತಾರೆ.

ಮೂರನೇ ಮಹಡಿ

ಹಾಗಾದರೆ ಪೆಟ್ರೋಲ್ ಗಾಡಿ ಮೆಟ್ಟಿಲ ಬುಡದಲ್ಲಿ ನಿಲ್ಲಿಸುವುದು? ಗ್ಯಾಸ್ ಸಿಲಿಂಡರ್ ಅಲ್ಲೇ ಇಡುವುದು? ನಮ್ಮ ಓನರೂ ಇದೇ ಡೈಲಾಗ್ ಹೊಡೆದರು. ಆರು ತಿಂಗಳಾದಮೇಲೆ ಅವರ ಮಗನೇ ಬ್ಯಾಟರಿ ಗಾಡಿ ತಂದ. ಈಗ ಅದೇ ಮೆಟ್ಟಿಲ ಬುಡದಲ್ಲಿ ಹೊಸ ಪ್ಲಗ್ಗು, ಅದಕ್ಕೊಂದು ಬೀಗ!

ನಾನು ಬ್ಯಾಟರಿ ಬಿಚ್ಚುವ ಮಾಡೆಲ್ ತಗೊಂಡೆ. ಜಾಹೀರಾತಿನಲ್ಲಿ ಹುಡುಗಿ ಬ್ಯಾಗ್ ಹಿಡಿದ ಹಾಗೆ ಒಂದು ಕೈಯಲ್ಲಿ ಹಿಡಿದು ನಗುತ್ತಾ ಹೋಗುತ್ತಾಳೆ. ನಿಜದಲ್ಲಿ ಅದು ಹತ್ತು ಹನ್ನೊಂದು ಕೆ.ಜಿ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಸೊಪ್ಪು, ಹಾಲು, ಹೆಗಲ ಮೇಲೆ ಊಟದ ಬ್ಯಾಗು. 48 ಮೆಟ್ಟಿಲು, ಎಣಿಸಿದ್ದೇನೆ. ಎರಡನೇ ಮಹಡಿಯ ಅಜ್ಜಿ ದಿನಾ "ಏನವ್ವಾ ಅಕ್ಕಿ ತಂದ್ಯಾ" ಅಂತಾರೆ. ಆದರೆ ಒಂದು ಲಾಭ, ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಮನೆ, ನನ್ನ ಪ್ಲಗ್ಗು.

ಗ್ರೀಸ್ ಕೈ

@ಕಟ್ಟಡದ ಯಜಮಾನ ಸರ್, ಭಯ ತಪ್ಪಲ್ಲ. ಆದರೆ 2022ರ ಆ ಬೆಂಕಿಗಳಾದ ಮೇಲೆ ಬ್ಯಾಟರಿ ನಿಯಮ ಬಿಗಿ ಮಾಡಿದ್ದಾರೆ. ಎಐಎಸ್ 156 ಅಂತ. ತಿದ್ದುಪಡಿ ಎರಡು ಹಂತದಲ್ಲಿ ಬಂತು, 2022ರ ಡಿಸೆಂಬರ್, 2023ರ ಮಾರ್ಚ್ ಕೊನೆ. ಒಂದು ಸೆಲ್ ಕೆಟ್ಟು ಕಾದರೆ ಬೆಂಕಿ ಪಕ್ಕದ್ದಕ್ಕೆ ಹರಡದ ಹಾಗೆ ನೋಡಬೇಕು, ಮೊದಲೇ ಎಚ್ಚರಿಕೆ ಕೂಗಬೇಕು, ಇಂಥವು. ಬಾಡಿಗೆಯವರಿಗೆ "ಬೇಡ" ಅನ್ನೋ ಬದಲು "ಯಾವ ಗಾಡಿ, ಯಾವ ವರ್ಷದ್ದು, ಕಂಪನಿ ಚಾರ್ಜರಾ" ಅಂತ ಕೇಳಿ. ಎಸ್‌ಪಿ ರೋಡಲ್ಲಿ ಸಿಗೋ ಅಗ್ಗದ ಚಾರ್ಜರ್ ಹಾಕಿದರೆ ಮಾತ್ರ ಮುಲಾಜಿಲ್ಲದೆ ಬೈರಿ.

ಸರ್ಕೀಟು ಸೀನ

ಹದಿನೆಂಟು ವರ್ಷದಿಂದ ವೈರಿಂಗ್ ಕೆಲಸ. ಎಲ್ಲರೂ ಬ್ಯಾಟರಿ ಬ್ಯಾಟರಿ ಅಂತೀರಿ. ನಾನು ನೋಡಿದ್ದರಲ್ಲಿ ಸುಟ್ಟಿದ್ದು ಪ್ಲಗ್ಗು.

ಹೋದ ಮಳೆಗಾಲದಲ್ಲಿ ಒಂದು ಮನೆಗೆ ಕರೆದರು. ಎರಡನೇ ಮಹಡಿ ಕಿಟಕಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಟ್ಟು, ಬಟ್ಟೆ ಒಣಗಿಸುವ ತಂತಿಗೆ ಸುತ್ತಿ, ಕೆಳಗೆ ಗಾಡಿಗೆ ಹಾಕಿದ್ದರು. ಬೋರ್ಡ್ ಮೇಲೆ ಹಾಲಿನ ಕವರ್ ಕಟ್ಟಿದ್ದರು, ಮಳೆ ಬೀಳದಿರಲಿ ಅಂತ. ಕವರ್ ಬಿಚ್ಚಿದರೆ ಪ್ಲಗ್ಗಿನ ಪಿನ್ನು ಕಂದು ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಕರಗಿ ಕೂತಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ನೀವು ಪೇಪರಲ್ಲಿ ಓದುತ್ತಿದ್ದಿರಿ. "ಕರೆಂಟ್ ಗಾಡಿಗೆ ಬೆಂಕಿ" ಅಂತಲೇ ಹೆಡ್ಡಿಂಗ್ ಹಾಕ್ತಿದ್ದರು.

ಚಾರ್ಜರ್ ಮಿಕ್ಸಿಗಿಂತ ಜಾಸ್ತಿ ಏನೂ ಎಳೆಯಲ್ಲ. ಆದರೆ ಮಿಕ್ಸಿ ಎರಡು ನಿಮಿಷ, ಇದು ನಾಲ್ಕು ಗಂಟೆ. ಸಡಿಲವಾದ ಸಾಕೆಟ್ ಅಷ್ಟು ಹೊತ್ತು ತಡೆಯಲ್ಲ.

ಈಗ ಅಕ್ಕನ ಸಮಸ್ಯೆ. ಒಂದು ಕೇಳ್ತೀನಿ, ನಿಮ್ಮ ಮನೆಗೆ ಬೇರೆ ಮೀಟರ್ ಇದೆಯಾ? ಇದ್ದರೆ ಆ ಮೀಟರ್ ಎಲ್ಲಿದೆ?

ಹೊಲಿಗೆಯಕ್ಕ

ಬೇರೆ ಮೀಟರ್ ಇದೆ ಸೀನಣ್ಣ. ಎಲ್ಲಾ ಮನೆಯವೂ ಕೆಳಗೆ ಗೇಟ್ ಪಕ್ಕದ ಗೂಡಲ್ಲಿ ಸಾಲಾಗಿವೆ. ಅಲ್ಲೇ ಗಾಡಿ ನಿಲ್ಲಿಸೋ ಜಾಗ.

ಸರ್ಕೀಟು ಸೀನ

ಮುಗೀತಲ್ಲ! ನಿಮ್ಮ ಕರೆಂಟು ಮೂರನೇ ಮಹಡಿಯಲ್ಲಿಲ್ಲ ಅಕ್ಕ, ಕೆಳಗೇ ಕೂತಿದೆ. ನಿಮ್ಮ ಮೀಟರಿನ ಈಚೆ ಕಡೆಯಿಂದ ಒಂದು ಲೈನ್ ತೆಗೆದು, ಅದಕ್ಕೆ ಲೋಡ್ ಜಾಸ್ತಿ ಆದರೆ ಆಫ್ ಆಗೋ ಬೇರೆ ಎಂಸಿಬಿ, ಶಾಕ್ ಹೊಡೆದರೆ ಟ್ರಿಪ್ ಆಗೋ ಆರ್‌ಸಿಸಿಬಿ, 2.5 ಸ್ಕ್ವೇರ್ ವೈರು, ಪಕ್ಕದಲ್ಲೇ ಒಂದು 15 ಆಂಪ್ ಸಾಕೆಟ್ಟು, ಮೇಲೆ ಮಳೆ ತಡೆಯೋ ಮುಚ್ಚಳ, ಅದಕ್ಕೆ ಬೀಗ. ಮೂರು ನಾಲ್ಕು ಮೀಟರ್ ವೈರಿನ ಕೆಲಸ. ಅರ್ತಿಂಗ್ ಸರಿ ಇದೆಯಾ ಅಂತ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ತಿರವೇ ನೋಡಿಸಿ. ಓಡಿದ ಯೂನಿಟ್ ನಿಮ್ಮ ಬಿಲ್ಲಿಗೇ ಬರುತ್ತೆ. ಓನರ್‌ಗೆ ಒಂದು ಪೈಸೆ ಭಾರ ಇಲ್ಲ.

ಕಟ್ಟಡದ ಯಜಮಾನ

ಇದು ನನಗೂ ಹೊಳೆದಿರಲಿಲ್ಲ. ನನ್ನ ಬಿಲ್ಡಿಂಗಲ್ಲೂ ಮೀಟರ್ ಕೆಳಗೇ ಇದೆ. ಮೆಟ್ಟಿಲಿನಿಂದ ದೂರ, ಗೇಟಿನ ಹತ್ತಿರ ಆದರೆ ನನ್ನ ತಕರಾರು ಅರ್ಧ ಕಮ್ಮಿ.

ಮೂರನೇ ಮಹಡಿ

ಅರ್ಧ ಅಂತೆ! ಪೂರ್ತಿ ಮಾಡಿ ಸರ್ 😄

ಗೃಹಜ್ಯೋತಿ ಅಂಕಲ್

ಎಲ್ಲರೂ ಒಂದು ಮರೆತಿರಿ. ಗೃಹಜ್ಯೋತಿ ಯೋಜನೆಯಿಂದ ಈಗ ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ ಅಲ್ವಾ, ಗಾಡಿ ಬಂದ ಮೇಲೆ ಅದು ಬದಲಾಗುತ್ತದೆ. 200 ಯೂನಿಟ್ ತನಕ ಎಲ್ಲರಿಗೂ ಫ್ರೀ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಹಳೆಯ ವರ್ಷದ ಸರಾಸರಿ, ಅದರ ಮೇಲೆ 10 ಪರ್ಸೆಂಟ್, ಅಷ್ಟು ಮಾತ್ರ ಫ್ರೀ. ಸರಾಸರಿ 48 ಯೂನಿಟ್ಟಿಗಿಂತ ಕಮ್ಮಿ ಇರುವವರಿಗೆ ಆಮೇಲೆ ಪರ್ಸೆಂಟ್ ಬದಲು 10 ಯೂನಿಟ್ ಮಾಡಿದರು. ಅದು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು.

ಲೆಕ್ಕದ ಮೇಷ್ಟ್ರು

ಒಳ್ಳೇ ಪಾಯಿಂಟ್. ಅಕ್ಕ, ನಿಮ್ಮ ಸರಾಸರಿ ಎಷ್ಟು?

ಹೊಲಿಗೆಯಕ್ಕ

ಬಿಲ್ಲಲ್ಲಿ 42 ಅಂತ ಇದೆ. ಈಗ 45ರ ತನಕ ಓಡುತ್ತೆ.

ಲೆಕ್ಕದ ಮೇಷ್ಟ್ರು

42ಕ್ಕೆ 10 ಸೇರಿಸಿ 52 ಫ್ರೀ. 45ಕ್ಕೆ ಗಾಡಿಯ 21 ಸೇರಿದರೆ 66. ಹೆಚ್ಚಾಗಿದ್ದು 14 ಯೂನಿಟ್. 81 ರೂ., ಮೇಲೆ ಚಿಲ್ಲರೆ ಟ್ಯಾಕ್ಸ್. ಎರಡು ದಿನದ ಶೇರ್ ಆಟೋ ದುಡ್ಡಲ್ಲಿ ಒಂದು ತಿಂಗಳ ಓಡಾಟ.

ಬಸ್ಸೇ ಬಾಸು

ಸರಿ ಸರಿ, ಲೆಕ್ಕದಲ್ಲಿ ಸೋತೆ. ಆದರೆ ನನ್ನ ಮೂಲ ಸಿಟ್ಟು ಬೇರೆ. ಒಬ್ಬ ಕೆಲಸದ ಹೆಣ್ಣುಮಗಳು ಸಾಲ ಮಾಡಿ ಗಾಡಿ ತಗೊಳ್ಳಬೇಕಾಗಿ ಬಂದಿದೆ ಅಂದರೆ ಅದು ಬಸ್ಸಿನ ಸೋಲು. ಪೀಣ್ಯದಂಥ ಕಡೆ ಒಳರಸ್ತೆಗೆ ಬಸ್ಸೇ ಇಲ್ಲ. ಮೆಟ್ರೋ ಫೀಡರ್ ಅಂತ ಸಣ್ಣ ಎಲೆಕ್ಟ್ರಿಕ್ ಬಸ್ಸು 2021ರ ಕೊನೆಯಿಂದ ಓಡುತ್ತಿವೆ. ಅಂಥವನ್ನೇ ಗೊರಗುಂಟೆಪಾಳ್ಯದಿಂದ ಕೈಗಾರಿಕಾ ಪ್ರದೇಶದ ಒಳಗೆ ಶಿಫ್ಟ್ ಟೈಮಿಗೆ ಬಿಟ್ಟರೆ ಈ ಥ್ರೆಡ್ಡೇ ಬೇಕಿರಲಿಲ್ಲ. ಎಲ್ಲರೂ ಸ್ಕೂಟರ್ ತಗೊಂಡರೆ ಸುಮನಹಳ್ಳಿ ಬ್ರಿಡ್ಜ್ ಇನ್ನೂ ಜಾಮ್. ಹೊಗೆ ಇಲ್ಲದ ಜಾಮ್, ಅಷ್ಟೇ ವ್ಯತ್ಯಾಸ.

ರಾತ್ರಿಪಾಳಿ

ಇದನ್ನ ನಾನೂ ಒಪ್ತೀನಿ. ಆದರೆ ಬಸ್ ಬರೋ ತನಕ ಅವರು ಗೇಟ್ ಹೊರಗೆ ನಿಲ್ಲಬೇಕಾ?

ನನ್ನ ಕಥೆ ಕೇಳಿ. ನಾನು ಸೆಕ್ಯೂರಿಟಿ. ಜಿಗಣಿ ಕಡೆ ಡ್ಯೂಟಿ, ಮನೆ ಬೊಮ್ಮನಹಳ್ಳಿ. ಬದಲಿ ಮನುಷ್ಯ ಬಂದು ಡ್ಯೂಟಿ ಬಿಡುವಾಗ ರಾತ್ರಿ 11:30. ಆಗ ಬಸ್ಸೂ ಇಲ್ಲ, ಮೆಟ್ರೋ ಹಳದಿ ಲೈನ್ ಬಂದರೂ ಸ್ಟೇಷನ್ ತನಕ ಹೋಗೋದು ಹೇಗೆ? ಎರಡು ವರ್ಷ ಸಿಕ್ಕ ಸಿಕ್ಕ ಟೆಂಪೋಗೆ ಕೈ ಅಡ್ಡ ಹಾಕಿ ಬಂದೆ. ಸೆಕೆಂಡ್ ಹ್ಯಾಂಡ್ ಬ್ಯಾಟರಿ ಗಾಡಿ ತಗೊಂಡ ಮೇಲೆ 12:15ಕ್ಕೆ ಮಲಗಿರ್ತೀನಿ. ಸದ್ದಿಲ್ಲದ ಗಾಡಿ, ಗಲ್ಲಿಯಲ್ಲಿ ಯಾರಿಗೂ ಎಚ್ಚರ ಆಗಲ್ಲ. ನಾಯಿಗಳಿಗೆ ಬಿಟ್ಟು.

ಕಾಫಿಪುಡಿ

ನಾಯಿಗಳ ವಿಷಯ ಬಂತು ಅಂತ ಕೇಳ್ತೀನಿ. ಬ್ಯಾಟರಿ ಗಾಡಿ ಅಂದರೆ ಅವಕ್ಕೆ ಅಷ್ಟು ಸಿಟ್ಟು ಯಾಕೆ? ನಮ್ಮ ಬೀದಿಯಲ್ಲಿ ಬುಲೆಟ್ ಹೋದರೆ ಮಲಗಿರ್ತವೆ.

ರಾಯಚೂರು ರೈಡರ್

ಹತ್ತಿರ ಬರೋ ತನಕ ಗೊತ್ತಾಗಲ್ಲ, ಬೆಚ್ಚಿ ಬೀಳ್ತವೆ, ಅದಕ್ಕೆ. ನಾನು ಗಲ್ಲಿಗೆ ನುಗ್ಗೋ ಮೊದಲು ಒಂದು ಸಲ ಸಣ್ಣಗೆ ಶಿಳ್ಳೆ ಹಾಕ್ತೀನಿ. ಪರಿಚಯ ಆಗಿದೆ ಈಗ.

ಹುಬ್ಬಳ್ಳಿ ಮಂದಿ

ನಮ್ಮ ಕಡೆ ಚಿಗರಿ ಬಸ್ಸಿಗೆ ಅದರದ್ದೇ ರಸ್ತಾ ಐತಿ, ಜಾಮ್ ಗೀಮ್ ಏನಿಲ್ಲ. ಧಾರವಾಡ ಹುಬ್ಬಳ್ಳಿ ಓಡಾಡೋರಿಗೆ ಆರಾಮ. ಆದ್ರ ಬಸ್ ಸ್ಟಾಪಿಂದ ಮನೀಗೆ ಹೋಗೂದು ಇಲ್ಲೂ ಅದ ಕಥಿ.

ಕನ್ನಡ ಪಂಡಿತ್

ಕ್ಷಮಿಸಿ, ವಿಷಯ ಬೇರೆ. "ವಿದ್ಯುತ್‌ಚಾಲಿತ ದ್ವಿಚಕ್ರ ವಾಹನ" ಎಂಬ ಪದ ಇರುವಾಗ ಎಲ್ಲರೂ ಬ್ಯಾಟ್ರಿ ಗಾಡಿ ಎನ್ನುತ್ತಿದ್ದೀರಿ.

ಗ್ರೀಸ್ ಕೈ

ಸಾರ್, ನೀವು ಆ ಪದ ಹೇಳಿ ಮುಗಿಸೋದರಲ್ಲಿ ಗಾಡಿ ಪೀಣ್ಯ ಮುಟ್ಟಿರುತ್ತೆ.

ರಿಂಗ್‌ರೋಡ್ ಟೆಕ್ಕಿ

ಅಕ್ಕ, ಬೇಗ ತಗೊಳ್ಳಿ, ಸರ್ಕಾರದ ಸಬ್ಸಿಡಿ ಇದೆ. ನನಗೆ 2022ರಲ್ಲಿ ಒಳ್ಳೇ ಮೊತ್ತ ಕಮ್ಮಿ ಆಗಿತ್ತು.

ಲೆಕ್ಕದ ಮೇಷ್ಟ್ರು

ನಿಮಗೆ ಆಗಿತ್ತು ಸ್ವಾಮಿ. 2021ರ ಜೂನ್‌ನಲ್ಲಿ ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್‌ಗೆ, ಅಂದರೆ ಒಂದು ಯೂನಿಟ್ ಕರೆಂಟ್ ಹಿಡಿಯುವಷ್ಟಕ್ಕೆ, 15 ಸಾವಿರ ಕೊಡುತ್ತಿದ್ದರು. 2023ರ ಜೂನ್‌ಗೆ ಅದು 10 ಸಾವಿರ. 2024ರ ಏಪ್ರಿಲ್‌ಗೆ 5 ಸಾವಿರ. 2025ರ ಏಪ್ರಿಲ್‌ಗೆ 2,500, ಅದೂ ಒಂದು ಗಾಡಿಗೆ 5 ಸಾವಿರ ಮೀರದ ಹಾಗೆ. ಮೂರು ಲಕ್ಷ ಸಂಬಳದವರು ತಗೊಳ್ಳುವಾಗ ಕೈ ಬಿಚ್ಚಿ ಕೊಟ್ಟರು. 13 ಸಾವಿರದವರು ಶೋರೂಮ್ ಬಾಗಿಲಿಗೆ ಬರುವ ಹೊತ್ತಿಗೆ ಕೈ ಮುಚ್ಚಿದರು. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಬ್ಯಾಟರಿ ಗಾಡಿಗೆ 2019ರ ಆಗಸ್ಟ್‌ನಿಂದ 5 ಇತ್ತು, ಹಾಗೇ ಇದೆ. ಅಂದರೆ ಈ ಕಡೆ ಬ್ಯಾಟರಿ ಗಾಡಿಯ ಸಬ್ಸಿಡಿ ಇಳಿಯಿತು, ಆ ಕಡೆ ಪೆಟ್ರೋಲ್ ಗಾಡಿಯ ಟ್ಯಾಕ್ಸ್ ಇಳಿಯಿತು. ಎರಡೂ ಪೆಟ್ರೋಲ್ ಗಾಡಿಗೇ ಅನುಕೂಲ.

ರಿಂಗ್‌ರೋಡ್ ಟೆಕ್ಕಿ

ಮೂರು ಲಕ್ಷ ಯಾರಿಗೆ ಸಿಗುತ್ತೆ ಮೇಷ್ಟ್ರೇ, ಅಡ್ರೆಸ್ ಕೊಡಿ, ನಾಳೆಯೇ ರೆಸ್ಯೂಮೆ ಹಾಕ್ತೀನಿ.

ಮೂರನೇ ಮಹಡಿ

ಹೊಲಿಗೆಯಕ್ಕ, ಒಂದು ಹೆಂಗಸರ ಮಾತು. ಗಾಡಿ ಕಲಿಯುವಾಗ ಗಂಡನ ಹತ್ತಿರ ಕಲಿಯಬೇಡಿ, ಮನೆಯ ಶಾಂತಿ ಹಾಳಾಗುತ್ತೆ. ಗೆಳತಿ ಹತ್ತಿರ ಕಲಿಯಿರಿ. ಬ್ಯಾಟರಿ ಗಾಡಿ ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಚಿಮ್ಮುತ್ತೆ. ಪೆಟ್ರೋಲ್ ಗಾಡಿ ಥರ ಗೊರಗೊರ ಅಂದು ಆಮೇಲೆ ಹೊರಡಲ್ಲ. ಮೊದಲ ವಾರ ನಿಧಾನಕ್ಕೆ ಓಡುವ ಇಕೋ ಮೋಡ್‌ನಲ್ಲೇ ಓಡಿಸಿ. ವೇಲು ಪಿನ್ ಹಾಕಿ ಕಟ್ಟಿಕೊಳ್ಳಿ. ನಿಲ್ಲಿಸಿದಾಗ ಗಾಡಿ ಆನ್ ಇದೆ ಅಂತ ಸದ್ದಿಂದ ಗೊತ್ತಾಗಲ್ಲ. ನನ್ನ ಮಗ ಹ್ಯಾಂಡಲ್ ತಿರುಗಿಸಿ ಎದುರು ಮನೆಯ ರಂಗೋಲಿ ಮೇಲೆ ನುಗ್ಗಿದ್ದ. ಇಳಿಯುವ ಮೊದಲು ಕೀ ಆಫ್. ಇದನ್ನ ಜಪ ಮಾಡಿ.

ಹೊಲಿಗೆಯಕ್ಕ

ಎಷ್ಟೊಂದು ಜನ ಬರೆದಿದ್ದೀರಿ, ನನಗೆ ಕಣ್ಣು ತುಂಬಿ ಬಂತು. ಎಲ್ಲಾ ನಮ್ಮೆಜಮಾನ್ರಿಗೆ ಓದಿ ಹೇಳಿದೆ. 1,790 ಕೇಳಿ ಸುಮ್ಮನಾದರು. ಆಮೇಲೆ "ಆ ಮೇಷ್ಟ್ರು ಯಾರು" ಅಂದರು.

ಓನರ್ ಆಂಟಿ ಹತ್ತಿರ ಸೀನಣ್ಣ ಹೇಳಿದ್ದನ್ನು ಹೇಳಿದೆ. ಮೊದಲು ಆಗಲ್ಲ ಅಂದರು. ಮೀಟರ್ ಗೂಡು ತೋರಿಸಿದ ಮೇಲೆ ಯೋಚಿಸ್ತೀನಿ ಅಂದರು.

ಸರ್ಕೀಟು ಸೀನ

ಯೋಚಿಸ್ತೀನಿ ಅಂದರೆ ಅರ್ಧ ಆಯ್ತು ಅಂತ. ಮನೆ ಬಿಡುವಾಗ ಸಾಕೆಟ್ ಕಿತ್ತುಕೊಂಡು ಹೋಗಲ್ಲ, ಬಿಟ್ಟು ಹೋಗ್ತೀನಿ ಅಂತ ಹೇಳಿ. ಓನರ್‌ಗಳು ಅದಕ್ಕೆ ಬೀಳ್ತಾರೆ.

ಕಟ್ಟಡದ ಯಜಮಾನ

ಸೀನ, ನಮ್ಮ ಗುಟ್ಟು ಹೊರಗೆ ಹಾಕಬೇಡ.

ಹೊಲಿಗೆಯಕ್ಕ · ಏಳು ವಾರದ ನಂತರ

ತುಂಬಾ ದಿನ ಆಯಿತು. ಕೊನೆಗೆ ಏನಾಯಿತು ಅಂತ ಹೇಳಬೇಕಲ್ಲ.

ಸಾಕೆಟ್ ಬಂತು. ಸೀನಣ್ಣ ಹೇಳಿದ ಮಾತೇ ಹೇಳಿದೆ, ಬಿಟ್ಟು ಹೋಗ್ತೀನಿ ಅಂತ. ಆಂಟಿ ಒಪ್ಪಿದರು. ಬೀಗದ ಇನ್ನೊಂದು ಕೀ ಅವರ ಹತ್ತಿರವೇ ಇರಬೇಕು ಅಂದರು. ಇರಲಿ.

ಲೈಸೆನ್ಸ್ ಬಂತು. ಭಾನುವಾರ ಭಾನುವಾರ ಲೈನಿನ ಆ ಹುಡುಗಿಯೇ ಜ್ಞಾನಭಾರತಿ ಕಡೆ ಕರೆದುಕೊಂಡು ಹೋಗಿ ಕಲಿಸಿದಳು. ಒಂದು ಸಲ ಬಿದ್ದೆ. ಮೊಣಕೈ ತರಚಿತು. ಟೆಸ್ಟ್ ದಿನ ಇನ್‌ಸ್ಪೆಕ್ಟರ್ ಎದುರು ಕೈ ನಡುಗಿದರೂ ಕಾಲು ಊರಲಿಲ್ಲ.

ಗಾಡಿ ಸಣ್ಣ ಬ್ಯಾಟರಿಯದ್ದು ತಗೊಂಡೆ, 2.2 ಕಿಲೋವ್ಯಾಟ್ ಅವರ್. ಎರಡು ದಿನಕ್ಕೊಂದು ಸಲ ಚಾರ್ಜ್ ಹಾಕಿದರೆ ಸಾಕು. ಮೇಷ್ಟ್ರ ಮಾತು ಕೇಳಿ ಶೋರೂಮಿನವರ ಫೈನಾನ್ಸ್ ಪೂರ್ತಿ ತಗೊಳ್ಳಲಿಲ್ಲ. ಸಂಘದಿಂದ 30 ಸಾವಿರ, ಎತ್ತಿದ ಚೀಟಿ ದುಡ್ಡು 25 ಸಾವಿರ ಹಾಕಿದೆ. ಉಳಿದ 40 ಸಾವಿರಕ್ಕೆ ಮಾತ್ರ 16 ಪರ್ಸೆಂಟಿಗೆ ಎರಡು ವರ್ಷದ ಕಂತು, 1,960. ಸಂಘದ ಕಂತು ಬೇರೆ ಇದೆ. ಈ ವರ್ಷ ಕಷ್ಟವೇ, ಸುಳ್ಳು ಹೇಳಲ್ಲ. ದಸರಾಗೆ ಹೊಸ ಸೀರೆ ಇಲ್ಲ.

ಮೊದಲ ದಿನ ಭಯಕ್ಕೆ 7:30ಕ್ಕೇ ಹೊರಟೆ. ಸುಮನಹಳ್ಳಿ ಬ್ರಿಡ್ಜ್ ಮೇಲೆ ನಾನು ದಿನಾ ಹೋಗುತ್ತಿದ್ದ ಬಸ್ಸೇ ಸಿಕ್ಕಿತು. ಕಿಟಕಿ ಪಕ್ಕ ಪರಿಚಯದವರು ಕೂತಿದ್ದರು, ಕೈ ಬೀಸೋಣ ಅಂದರೆ ಕೈ ಬಿಡೋಕೆ ಧೈರ್ಯ ಬರಲಿಲ್ಲ. 8:15ಕ್ಕೆ ಫ್ಯಾಕ್ಟರಿ ಮುಂದೆ ಇದ್ದೆ. ಗೇಟೇ ತೆಗೆದಿರಲಿಲ್ಲ. ಸೆಕ್ಯೂರಿಟಿ ಅಣ್ಣ "ಏನಮ್ಮಾ, ಇವತ್ತು ರಾತ್ರಿ ಇಲ್ಲೇ ಮಲಗಿದ್ಯಾ" ಅಂದರು. ಮಾಡೋಕೆ ಏನೂ ಕೆಲಸ ಇರಲಿಲ್ಲ. ಗಾಡಿ ಮೇಲೆ ಕೂತು ಡಬ್ಬಿ ತೆಗೆದು ತಿಂಡಿ ತಿಂದೆ. ಚಿತ್ರಾನ್ನ ಇನ್ನೂ ಬಿಸಿ ಇತ್ತು.

ಬಸ್ಸೇ ಬಾಸು

ಸರಿಯಮ್ಮ, ಹುಷಾರಾಗಿ ಓಡಿಸಿ. ಮಳೆ ಬಂದರೆ ಅಂಡರ್‌ಪಾಸಿಗೆ ನುಗ್ಗಬೇಡಿ. ಅವತ್ತು ನನ್ನ ಬಸ್ಸಿಗೆ ಬನ್ನಿ.

ರಾತ್ರಿಪಾಳಿ

ಆ ಸೆಕ್ಯೂರಿಟಿ ಅಣ್ಣನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಕಾಫಿಪುಡಿ

ಎಲ್ಲಾ ಸರಿ, ಮುಕ್ಕಾಲು ಗಂಟೆ ಚಿತ್ರಾನ್ನ ಬಿಸಿ ಇಡೋ ಆ ಡಬ್ಬಿ ಯಾವುದು ಅಕ್ಕ?